ನಿಮ್ಮನೆ ಅಂದ್ಕೊಳಿ

"ಕುಡೀರಿ ಅಜ್ಜಿ, ನಿಮ್ಮನೆ ಅಂದ್ಕೊಳಿ" ಎನ್ನುತ್ತಾ ಗುಂಡ್ಲುಪೇಟೆಯ ಸೀರೆ ಅಂಗಡಿಯ ಹುಡುಗಿ ನಮ್ಮ ದೊಡ್ಡಮ್ಮನ ಕೈಗೆ ಇನ್ನೊಂದು ಲೋಟ ಮಜ್ಜಿಗೆಯಿಟ್ಟಳು. ಮೊಮ್ಮಗಳ ಮದುವೆಗೆ ಸೀರೆಗಳನ್ನು ಆರಿಸಿ ಮುಗಿಸಿದ ಮೇಲೆ, ಸಕ್ಕರೆ ಕಾಯಿಲೆಯ ದೊಡ್ಡಮ್ಮ ಶೌಚಾಲಯ ಕೇಳಿದಳು. ಮ್ಯಾನೇಜರು ಕೈಮುಗಿದು, "ಗಿರಾಕಿಗಳಿಗೆ ಇಲ್ಲಮ್ಮ, ಬಸ್ ಸ್ಟ್ಯಾಂಡಿಗೆ ಹೋಗಿ" ಎಂದ.

"ನಮ್ಮನೆ ಅಂದ್ರಲ್ಲಪ್ಪ! ನಮ್ಮನೇಲಿ ಬಚ್ಲು ಅದ ಕಣ" ಅಂದಳು ದೊಡ್ಡಮ್ಮ. ಅಂಗಡಿಯ ಮೆಟ್ಟಿಲಿಳಿಯುವಷ್ಟರಲ್ಲಿ ತಡೆಯಲಾಗದೆ ಉಟ್ಟ ಸೀರೆ ನೆನೆದುಹೋಯಿತು. ಧಾರೆಯ ಹೊತ್ತಿಗೆ ಉಡಲೆಂದು ತಾನೇ ಆಸೆಪಟ್ಟು ಆರಿಸಿದ್ದ ಹೊಸ ಸೀರೆಯನ್ನೇ ಸುತ್ತಿಕೊಂಡು ಊರಿಗೆ ಹೋಗುವ ತೆರಕಣಾಂಬಿ ಬಸ್ಸು ಹತ್ತಿದಳು. ಅದು ಮೈಲಿಗೆಯಾಯಿತೆಂದು ಮದುವೆಯಲ್ಲಿ ಹಳೆಯ ಸೀರೆಯಲ್ಲೇ ಅಕ್ಷತೆ ಹಾಕಿದಳು.

ಆ ಅಂಗಡಿಯಲ್ಲಿ ಈಗಲೂ ಕೈಮುಗಿದು ಮಜ್ಜಿಗೆ ಕೊಡುತ್ತಾರೆ. ದೊಡ್ಡಮ್ಮ ಮಾತ್ರ ಪೇಟೆಗೆ ಹೊರಟ ದಿನ ಬೆಳಗಿನಿಂದಲೇ ನೀರು ಮುಟ್ಟುವುದಿಲ್ಲ.