ನೂರಾ ಹನ್ನೆರಡನೇ ಪುಟ

ನಮ್ಮ ಕಾಲೇಜಿನ ಗ್ರಂಥಪಾಲಕರು ಪ್ರತಿವರ್ಷ ಡಿಜಿಟಲ್ ಗ್ರಂಥಾಲಯದ ಪಾಸ್‌ವರ್ಡ್ ಬರೆದ ಚೀಟಿ ಕೊಡುತ್ತಿದ್ದರು, ನಾನು ಪ್ರತಿವರ್ಷ ಅದನ್ನು ಕಳೆದುಕೊಳ್ಳುತ್ತಿದ್ದೆ. ನವನಗರದಲ್ಲಿ ಅರ್ಥಶಾಸ್ತ್ರ ಕಲಿಸುವ ನನಗೆ ನನ್ನ ಟಿಪ್ಪಣಿಗಳೇ ಸಾಕು ಎಂಬ ಸೊಕ್ಕು. ಹಳೇ ಬಾಗಲಕೋಟೆಯ ವಾಚನಾಲಯದಲ್ಲಿ ಕೂತು ಬೆರಳು ನೋಯುವಷ್ಟು ಬರೆದುಕೊಂಡವು ಅವು.

ನನ್ನ ಬಳಿ ಪಿಎಚ್.ಡಿ. ಮಾಡುತ್ತಿದ್ದ ಇಳಕಲ್ಲಿನ ಹುಡುಗಿ ಸೀರೆ ನೇಯ್ಗೆಯ ಮೇಲೆ ಪ್ರಬಂಧ ಬರೆದಳು. ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೂಡಿಸುವ ಕೊಂಡಿ ಕೆಲಸ ಹೆಂಗಸರ ವಿದ್ಯೆ ಎಂಬುದು ಅದರ ತಿರುಳು. ಆಧಾರ, ಒಂದು ಹಳೆಯ ಸರ್ಕಾರಿ ವರದಿಯ ನೂರಾ ಹನ್ನೆರಡನೇ ಪುಟ. ವರದಿಯನ್ನು ಅವಳು ನೋಡಿರಲಿಲ್ಲ, ನನ್ನ ಟಿಪ್ಪಣಿಯನ್ನೇ ನಂಬಿ ಬರೆದಿದ್ದಳು. ಮೌಖಿಕ ಪರೀಕ್ಷೆಗೆ ಎರಡು ದಿನವಿದ್ದಾಗ ಪರೀಕ್ಷಕರು ಆ ಪುಟದ ಪ್ರತಿ ಬೇಕೆಂದರು.

ಹಳೇ ಊರು ಅಣೆಕಟ್ಟಿನ ಹಿನ್ನೀರಿಗೆ ಹೋದಾಗಲೇ ವಾಚನಾಲಯದ ಪುಸ್ತಕಗಳು ಚದುರಿಹೋಗಿದ್ದವು. ಬಾದಾಮಿ, ಹುನಗುಂದದ ಗೆಳೆಯರಿಗೆಲ್ಲ ಫೋನ್ ಮಾಡಿದೆ. ಯಾರ ಬಳಿಯೂ ಇರಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು, ಹುಡುಗಿಯನ್ನೂ ಕರೆದುಕೊಂಡು ಗ್ರಂಥಪಾಲಕರ ಮುಂದೆ ನಿಂತೆ.

“ಚೀಟಿ ಎಲ್ಲೈತ್ರಿ ಸರ?”

“ಕಳದೈತ್ರಿ.”

ಪುಣ್ಯಾತ್ಮರು ಬೈಯಲಿಲ್ಲ. ಎರಡೇ ನಿಮಿಷದಲ್ಲಿ ವರದಿ ಪರದೆಯ ಮೇಲಿತ್ತು. ನಾನೇ ನೂರಾ ಹನ್ನೆರಡು ಎಂದು ಒತ್ತಿದೆ. ಬಂದದ್ದು ನೂಲಿಗೆ ಬಣ್ಣ ಹಾಕುವ ತೊಟ್ಟಿಗಳ ವಿಷಯ. ಹೆಂಗಸರ ಸುದ್ದಿಯೇ ಇಲ್ಲ. ಬೇರೆ ಪುಸ್ತಕದ್ದನ್ನು ಇದಕ್ಕೆ ಹಚ್ಚಿದೆನೇ? ಹೀಗಿದ್ದರೆ ಚೆಂದ ಎಂದು ನಾನೇ ಬರೆದುಕೊಂಡೆನೇ? ಈ ಹುಡುಗಿಯ ಐದು ವರ್ಷವನ್ನು ಹಾಳು ಮಾಡಿದೆ ಎನಿಸಿ ಅವಳ ಮುಖ ನೋಡಲಾಗಲಿಲ್ಲ.

ಗ್ರಂಥಪಾಲಕರು ಬಗ್ಗಿ ನೋಡಿದರು. “ಸರ, ಇದು ರಟ್ಟಿನಿಂದ ಎಣಸ್ತೈತ್ರಿ. ಮುನ್ನುಡಿ, ಪರಿವಿಡಿ ಎಲ್ಲಾ ಹಿಡೀತೈತಿ. ಪುಟದ ಮ್ಯಾಲ ಛಾಪಿಸಿದ ನಂಬರ್ ನೋಡ್ರಿ.”

ಮೂಲೆಯಲ್ಲಿ ತೊಂಬತ್ತಾರು ಎಂದಿತ್ತು. ಅವರು ಹದಿನಾರು ಪುಟ ಮುಂದೆ ಸರಿಸಿದರು. ನಾನು ಬರೆದುಕೊಂಡಿದ್ದ ವಾಕ್ಯ ಅಲ್ಲಿತ್ತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಹೋದ ಜೀವ ಬಂತು. ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂದದ್ದನ್ನು ಮುಚ್ಚಿಡಲೂ ಹೋಗಲಿಲ್ಲ. ಹುಡುಗಿಯೇ ನೀರಿನ ಬಾಟಲಿ ತಂದುಕೊಟ್ಟಳು. ಆ ದಿನ ಗ್ರಂಥಪಾಲಕರು ಮತ್ತೆ ಬರೆದುಕೊಟ್ಟ ಪಾಸ್‌ವರ್ಡ್ ಚೀಟಿ ಈಗಲೂ ನನ್ನ ಕಿಸೆಯಲ್ಲಿದೆ.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಪ್ರತಿಯನ್ನು ಒಮ್ಮೆ ನೋಡಿ, ತಲೆಯಾಡಿಸಿ ಬದಿಗಿಟ್ಟರು. ಆಮೇಲೆ ಕೊಂಡಿ ಹಾಕುವುದು ಹೇಗೆ ಎಂದು ಕೇಳಿದರು. ಅವಳು ತನ್ನ ಸೆರಗಿನ ಕುಚ್ಚಿನಿಂದ ಎರಡೆಳೆ ಬಿಡಿಸಿ, ಬೆರಳಲ್ಲಿ ಹೊಸೆದು, ಕೂಡಿಸಿ ತೋರಿಸಿದಳು. ಎಳೆದರೂ ಬಿಚ್ಚಲಿಲ್ಲ.

“ಯಾರು ಕಲಿಸಿದರು?”

“ನಮ್ಮವ್ವರಿ. ಆಕಿಗೆ ಪುಟದ ನಂಬರ್ ಇಲ್ಲಂತ ಪ್ರಬಂಧದಾಗ ಬರದಿಲ್ಲರಿ.”

ಎಲ್ಲರೂ ನಕ್ಕರು. ಅವಳು ಗೆದ್ದಳೆಂದು ನನಗೆ ಆಗಲೇ ಗೊತ್ತಾಯಿತು. ಆದರೂ ನನಗೆ ನಗು ಬರಲಿಲ್ಲ. ಅವ್ವನ ಮಾತು ಆಧಾರವಾಗುವುದಿಲ್ಲ, ಬರೆಯಬೇಡ ಎಂದಿದ್ದವನು ನಾನೇ.