ಜೋರು ಪಂಪು, ಮರಿಮೀನು

ಮೂವತ್ತು ವರ್ಷ ನಲ್ಲಿ ರಿಪೇರಿ ಮಾಡಿದ ಪ್ಲಂಬರ್ ಕೇಳಿದ್ದು ಒಂದೇ ದೂರು: ನೀರು ಜೋರಾಗಿ ಬರುತ್ತಿಲ್ಲ. ಹಾಗಾಗಿ ತನ್ನ ಕಯಾಕ್ ದೋಣಿಯಲ್ಲಿ, ಗಾಳಕ್ಕೆ ಸಿಕ್ಕಿಸುವ ಮರಿಮೀನುಗಳನ್ನು ಜೀವಂತ ಇಡುವ ತೊಟ್ಟಿಗೆ ಹೊಸ ನೀರು ಹರಿಸಲೂ ಅಂಗಡಿಯ ಅತಿ ಜೋರಿನ ಪಂಪನ್ನೇ ಕೂರಿಸಿದ. ಎರಡು ಭಾನುವಾರ ಆಳದ ನೀರು ಮುಟ್ಟುವ ಮೊದಲೇ ಮರಿಗಳೆಲ್ಲ ಸತ್ತು, ಅವನು ಬರಿಗೈಯಲ್ಲಿ ಮರಳಿದ.

ಮೂರನೆಯ ಭಾನುವಾರ ದಡದಲ್ಲಿ ಹೆಂಡತಿ ತೊಟ್ಟಿಗೆ ಇಣುಕಿದಳು.

"ರೀ, ಇವಕ್ಕೆ ಉಸಿರು ಕೊಡ್ತಿದ್ದೀರೋ, ಬಟ್ಟೆ ಥರ ಒಗೀತಿದ್ದೀರೋ? ಸುತ್ತಿ ಸುತ್ತಿ ಸುಸ್ತಾಗಿವೆ, ಪಾಪ."

"ನೀರು ಕಮ್ಮಿ ಆದ್ರೆ ಬೈತಾರೆ ಕಣೇ."

"ಮೀನು ಯಾವತ್ತು ಬೈದಿದೆ?"

ಅವನು ಪಂಪಿನ ಪೈಪಿಗೊಂದು ಪುಟ್ಟ ವಾಲ್ವ್ ಹಾಕಿ, ಮನಸ್ಸಿಲ್ಲದ ಮನಸ್ಸಿನಿಂದ ಅದನ್ನು ಮುಕ್ಕಾಲು ಮುಚ್ಚಿದ. ನೀರು ನೂಲಿನಂತೆ ಇಳಿಯಿತು. ಆಳದ ನೀರು ತಲುಪಿ ಮುಚ್ಚಳ ತೆಗೆದಾಗ ಹನ್ನೆರಡು ಮರಿಗಳೂ ನಿರಾಳವಾಗಿ ಈಜುತ್ತಿದ್ದವು. ಅವನು ಶಿಳ್ಳೆ ಹಾಕುತ್ತ ಗಾಳ ಬಿಚ್ಚಿದ.