ಬಿಗಿಯಣ್ಣ ಹಾಕಿದ ತೂತು

ಜೀಪುಗಳ ಸೀಟು, ಟಾಪು, ಹಿಂದೆ ನೇತುಹಾಕುವ ಸ್ಟೆಪ್ನಿ ಟೈರಿನ ಕವರು ಹೊಲಿಯುವ ಆತನಿಗೆ ಎಲ್ಲರ ಬಾಯಲ್ಲೂ ಬಿಗಿಯಣ್ಣ ಎಂದೇ ಹೆಸರು. ದಾರಕ್ಕೆ ಮೇಣ ಸವರಿ ಎರಡೆರಡು ಸಾಲು ಹೊಲಿಗೆ ಹಾಕುತ್ತಿದ್ದ. “ನನ್ನ ಹೊಲಿಗೇಲಿ ನೀರಿರಲಿ, ಗಾಳೀನೂ ನುಸುಳಲ್ಲ” ಎಂದು ಮೂವತ್ತು ವರ್ಷದಿಂದ ಮೀಸೆ ತಿರುವಿಕೊಂಡೇ ಬಂದಿದ್ದ. ಜಂಬವೇನೋ ಇತ್ತು. ಆದರೆ ಕೈಯೂ ಹಾಗೇ ಇತ್ತು, ಸುಳ್ಳು ಹೇಳಬಾರದು.

ದನದ ಡಾಕ್ಟ್ರಮ್ಮ ಮೊದಲ ಮಳೆಯಾದ ಮೇಲೆ ಬಂದು, ಅವನು ತಮ್ಮ ಜೀಪಿಗೆ ಹೊಲಿದುಕೊಟ್ಟ ಟೈರಿನ ಕವರಿನಲ್ಲಿ ನೀರು ನಿಲ್ಲುತ್ತಿದೆ ಎಂದರು. ಬಿಗಿಯಣ್ಣ ಅದನ್ನು ಬಿಚ್ಚಿ ಒಳಗೆ ರೆಕ್ಸಿನ್ ಕೂರಿಸಿ, ಮೂರನೇ ಸಾಲು ಹೊಲಿದು ಕಳಿಸಿದ. ಮುಂದಿನ ಮಳೆಗೆ ನೀರು ಎರಡರಷ್ಟು ನಿಂತಿತು!

ಈ ಸಲ ಡಾಕ್ಟ್ರಮ್ಮನ ಮುಖ ಕೆಂಪಾಗಿತ್ತು. “ಹಸು ಕರು ಹಾಕೋಕಾಗದೆ ಒದ್ದಾಡ್ತಿದೆ ಅಂತ ಓಡ್ತಿದ್ದೆ. ದಾರೀಲಿ ಪಂಕ್ಚರ್. ಸ್ಟೆಪ್ನಿ ನೋಡಿದ್ರೆ ನಟ್ಟೆಲ್ಲ ತುಕ್ಕು ಹಿಡಿದು ಜಪ್ಪಯ್ಯ ಅಂದ್ರೂ ಬಿಚ್ಚಲಿಲ್ಲ. ಕರು ಉಳಿದದ್ದು ಅದರ ಪುಣ್ಯ. ಇನ್ನೊಂದ್ಸಲ ಹೀಗಾದ್ರೆ ಆಚೆ ಬೀದಿಯವನ ಹತ್ರ ಹೊಲಿಸ್ಕೋತೀನಿ, ಬಿಗಿಯಣ್ಣ.”

ಆಚೆ ಬೀದಿಯವನು! ಬಿಗಿಯಣ್ಣ ಕವರನ್ನು ಗಾಡಿಯಿಂದ ಕಿತ್ತು ತಂದು ಅಂಗಡಿಯ ನೆಲಕ್ಕೆ ಒಗೆದ.

ಪಕ್ಕದ ಮಿಷನ್ನಿನಲ್ಲಿ ಸೀಟಿನ ಅಂಚು ಹೊಲಿಯುತ್ತಿದ್ದ ಹೆಂಡತಿ ಎದ್ದು ಬಂದು ಕವರಿನೊಳಗೆ ಕೈಯಾಡಿಸಿದಳು. “ರೀ, ಮುಂದಿನಿಂದ ಹನಿ ಬರಲ್ಲ, ಒಪ್ಕೊಂಡೆ. ಹಿಂದ್ಗಡೆ ಇಷ್ಟಗಲ ಬಾಯಿ ಇದ್ಯಲ್ಲ, ನೀರು ಅಲ್ಲಿಂದ ಇಳಿಯುತ್ತೆ. ಇಳಿದದ್ದು ಹೋಗೋಕೆ ನೀವು ದಾರೀನೇ ಬಿಟ್ಟಿಲ್ಲ. ಕೆಳಗೊಂದು ತೂತು ಹಾಕಿ.”

“ನನ್ನ ಕೆಲಸಕ್ಕೆ ನಾನೇ ತೂತು ಹಾಕ್ಲಾ? ಜನ ಉಗೀತಾರೆ ಕಣೇ!”

“ಈಗೇನು ಹಾರ ಹಾಕ್ತಿದ್ದಾರಾ?”

ಎರಡು ದಿನ ಅವನ ಮೊಲಕ್ಕೆ ಮೂರೇ ಕಾಲು. ಮೂರನೆಯ ದಿನ ದಬ್ಬಳ ಎತ್ತಿಕೊಂಡು, ಸಾಸಿವೆ ಕಾಳಿನಷ್ಟು ತೂತು ಮಾಡಿದ. ಹೆಂಡತಿ ಕೆಸರು ನೀರು ಸುರಿದಳು, ತೂತು ಕಟ್ಟಿಕೊಂಡಿತು. ಕೊನೆಗೆ ಹಲ್ಲು ಕಚ್ಚಿಕೊಂಡು, ಟಾರ್ಪಾಲಿಗೆ ಹಗ್ಗ ಪೋಣಿಸಲು ಹಾಕುವ ಪುಟ್ಟ ಹಿತ್ತಾಳೆ ಬಳೆ ಎರಡನ್ನು ಕವರಿನ ತೀರಾ ಕೆಳಗೆ ದೊಡ್ಡ ತೂತು ಕೊರೆದು ಕುಟ್ಟಿ ಕೂರಿಸಿದ. ಈ ಸಲ ಬಕೆಟ್ ನೀರು ಹುಯ್ದರೂ ಒಂದು ಗುಟುಕು ಒಳಗೆ ಉಳಿಯಲಿಲ್ಲ. ಇಬ್ಬರೂ ಒದ್ದೆ ಕಾಲಲ್ಲೇ ನಿಂತು ನಕ್ಕರು.

ನಗುತ್ತಿದ್ದವನು ತಟ್ಟನೆ ಬೀದಿಯ ಕಡೆ ನೋಡಿದ. “ಇದೊಂದೇ ಅಲ್ವಲ್ಲೇ. ನಾನು ಹೊಲಿದ ಕವರು ಹಾಕ್ಕೊಂಡು ಎಷ್ಟು ಗಾಡಿ ನೀರು ಹೊತ್ಕೊಂಡು ತಿರುಗ್ತಿವೆಯೋ!” ಅವನಿಗೆ ನಿಜಕ್ಕೂ ನಾಚಿಕೆಯಾಗಿತ್ತು.

ಮರುದಿನ ಬೆಳಿಗ್ಗೆ ಸ್ಟೂಲು, ಸುತ್ತಿಗೆ, ಒಂದು ಡಬ್ಬಿ ಬಳೆ ಹಿಡಿದು ಸರ್ಕಲ್ಲಿನಲ್ಲಿ ಕೂತ. ಜೀಪು ಕಂಡರೆ ಕೈ ಅಡ್ಡ ಹಿಡಿಯುತ್ತಿದ್ದ. “ತಪ್ಪು ನಂದೇ ಕಣಪ್ಪಾ, ಐದು ನಿಮಿಷ ನಿಲ್ಸು.” ಮೊದಲ ಸಲ ಹೇಳುವಾಗ ಮಾತು ತೊದಲಿತು. ಹತ್ತನೇ ಜೀಪಿನ ಹೊತ್ತಿಗೆ ಸಲೀಸಾಗಿ ಬರುತ್ತಿತ್ತು, ಮನಸ್ಸೂ ಹಗುರಾಗಿತ್ತು.

ಮಧ್ಯಾಹ್ನ ಒಬ್ಬ ಡ್ರೈವರ್ ತಲೆ ಹೊರಗೆ ಹಾಕಿ, “ಅಣ್ಣಾ, ಇದು ನೀವು ಹೊಲಿದದ್ದಲ್ಲ, ಆಚೆ ಬೀದಿಯವನದು” ಎಂದ.

ಬಿಗಿಯಣ್ಣ ಕೈಗೆತ್ತಿಕೊಂಡ ಸುತ್ತಿಗೆಯನ್ನು ಒಂದು ಗಳಿಗೆ ಹಾಗೇ ಹಿಡಿದು ನಿಂತ. ಆಮೇಲೆ ಡಬ್ಬಿಯಿಂದ ಎರಡು ಬಳೆ ಆರಿಸಿಕೊಂಡ.

“ಅವನ ಕವರಲ್ಲೂ ನಿಲ್ಲೋದು ನೀರೇ ತಾನೇ? ಗಾಡಿ ಹಿಂದಕ್ಕೆ ತಗೋ.”